‘ಆತು’ ಎಂದರೆ ಹಸಿರು

ಆ ಪೇಟದ ವಾಸನೆಯಿಂದಲೇ ಶುರು ಮಾಡಬೇಕು. ಜರಿಯಂಚಿನ ಮೈಸೂರು ಪೇಟ, ದೂರದಿಂದ ನೋಡಿದರೆ ರಾಜಗಾಂಭೀರ್ಯ. ಹತ್ತಿರ ಹೋದರೆ ಭಟ್ಕಳದ ಅತ್ತರು, ಹೊನ್ನಾವರದ ತೆಂಗಿನೆಣ್ಣೆ, ಕುಮಟೆಯ ಬೆವರು ಮೂರೂ ಕೂಡಿ, ಹುಳಿ ಬಂದ ಮಜ್ಜಿಗೆಯ ಪಕ್ಕದಲ್ಲಿ ಊದುಬತ್ತಿ ಹಚ್ಚಿಟ್ಟ ಹಾಗಿತ್ತು. ಅದನ್ನು ಹೊಸ ಹೊಸ ತಲೆಗೆ ಇಡುವುದು ನನ್ನ ಕೆಲಸ. ಇಟ್ಟು, ಹೆಗಲಿಗೆ ಶಾಲು ಹೊದೆಸಿ, ಫೋಟೊ ತೆಗೆಸಿ, ಎರಡನ್ನೂ ಬಿಚ್ಚಿಕೊಂಡು ಬರುವುದು. ಮನೆಯವರು ಮುಖ ಮುಖ ನೋಡಿದರೆ, “ಸಮಾರಂಭದ ದಿವ್ಸ ಹೊಸದು ಕೊಡ್ತ್ರು” ಎನ್ನುವುದು. ಮಳೆಗಾಲ ನೋಡಿ, ಅದು ಒಣಗುತ್ತಲೂ ಇರಲಿಲ್ಲ. ಮುಂದಿನ ಮನೆಯ ಪ್ರತಿಭೆ ಹಿಂದಿನ ಮನೆಯ ಪ್ರತಿಭೆಯ ಬೆವರನ್ನು ತಲೆಯ ಮೇಲೆ ಹೊತ್ತು ಹಲ್ಲು ಕಿರಿಯುತ್ತಿತ್ತು.

ಘಟ್ಟದ ಮೇಲಿನ ಒಂದು ಖಾಸಗಿ ವಿಶ್ವವಿದ್ಯಾಲಯ. ಹೆಸರು ಬೇಡ, ನನಗೇ ವಾಕರಿಕೆ ಬರುತ್ತದೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳನ್ನು ಕಾಲೇಜಿಗೆ ಸೇರುವ ಮೊದಲೇ ಗುರುತಿಸಿ ಗೌರವಿಸುವ ಯೋಜನೆಯೊಂದನ್ನು ಅದು ತೆಗೆದಿತ್ತು. ಸೇರಿದವರಿಗೆ ಬೇರೆ ಬಿಲ್ಲೆ, ಬೇರೆ ಓದುವ ಕೋಣೆ, ಮಾರ್ಗದರ್ಶನಕ್ಕೆ ಒಬ್ಬ ಪ್ರಾಧ್ಯಾಪಕರು. ಯೋಜನೆಗೆ ಇಟ್ಟ ಹೆಸರು ‘ಪ್ರಥಮ ಪಂಕ್ತಿ’. ಆ ಹೆಸರಿಟ್ಟವರು ನಮ್ಮ ಕಡೆಯ ಒಂದು ಮದುವೆಯಲ್ಲೂ ಉಂಡವರಲ್ಲ. ನಮ್ಮಲ್ಲಿ ಪಂಕ್ತಿ ಎಂದರೆ ಬಾಳೆ ಎಲೆ. ಪ್ರಥಮ ಪಂಕ್ತಿ ಎಂದರೆ ಯಾರು ಮೊದಲು ಉಣ್ಣುತ್ತಾರೆ, ಯಾರು ಅಂಗಳದಲ್ಲಿ ಕಾಯುತ್ತಾರೆ ಎನ್ನುವ ಹಳೆಯ ಹೊಟ್ಟೆಯುರಿ. ನಾನು ಫೋನಿನಲ್ಲಿ “ನಿಮ್ಮ ಮಗಳು ಪ್ರಥಮ ಪಂಕ್ತಿಗೆ ಆಯ್ಕೆಯಾಗಿದ್ದಾಳೆ” ಎಂದರೆ ಅರ್ಧ ಮನೆಗಳಲ್ಲಿ ಮೊದಲ ಪ್ರಶ್ನೆ, “ಊಟ ಯಾರ ಮನೇಲಿ?”

ಈ ಕೆಲಸ ನನಗೆ ಸಿಕ್ಕಿದ್ದು ಬಾಯಿಯಿಂದ. ಹೊನ್ನಾವರದಲ್ಲಿ ಯಾರದೋ ಆರತಕ್ಷತೆ. ನಾನು ಮಿಮಿಕ್ರಿ ಮಾಡುತ್ತಿದ್ದೆ. ಮೀನು ಮಾರ್ಕೆಟ್ಟಿನ ಹರಾಜು, ಬಸ್ ಸ್ಟ್ಯಾಂಡಿನ ಘೋಷಣೆ, ಮಂತ್ರ ಮರೆತ ಭಟ್ಟರು, ಮೈಕು ಬಿಡದ ರಾಜಕಾರಣಿ. ಕೊನೆಗೆ ನನ್ನದೇ ಮಿಮಿಕ್ರಿ: ಬಿ.ಎ. ಮುಗಿಸಿ ಮನೆಯಲ್ಲಿ ಕೂತ ಮಗ ಅಪ್ಪನ ಹತ್ತಿರ ಬೈಕಿನ ಪೆಟ್ರೋಲಿಗೆ ಕೇಳುವುದು. ಮುಂದಿನ ಸಾಲಿನಲ್ಲಿ ಕೂತಿದ್ದ ಈ ಯೋಜನೆಯ ನಿರ್ದೇಶಕರು ನಗಲಿಲ್ಲ, ಲೆಕ್ಕ ಹಾಕಿದರು. ಊಟವಾದ ಮೇಲೆ ಕರೆದು, “ನೀವು ಎಲ್ಲ ಜಾತಿಯವರ ಕನ್ನಡಾನೂ ಮಾತಾಡ್ತೀರಾ, ರೈಟ್?” ಎಂದರು. ಪ್ರತಿ ವಾಕ್ಯದ ಬಾಲಕ್ಕೆ ಒಂದು “ರೈಟ್” ಕಟ್ಟುವುದು ಅವರ ರೂಢಿ. ನಾನು ಅವರದೇ ಧ್ವನಿಯಲ್ಲಿ “ರೈಟ್” ಎಂದೆ. ಕೆಲಸ ಆಯಿತು.

ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಪಫ್ಸ್ ಬೇಯುತ್ತಿದ್ದವು, ಮೇಲೆ ನಾನು. ನನಗೆ ಒಂದು ಟ್ಯಾಬ್, ಕಿವಿಗೆ ಹೆಡ್‌ಫೋನ್. ಮಗುವಿನ ಹೆಸರು, ಊರು, ಮನೆಯ ನಂಬರು ಪರದೆಯ ಮೇಲೆ ಬರುತ್ತದೆ. ಹೆಸರು ನೋಡಿದ ಕೂಡಲೇ ಯಾವ ನಾಲಿಗೆ ಹಾಕಬೇಕೆಂದು ತೀರ್ಮಾನಿಸಬೇಕು. ಅಡಿಕೆ ತೋಟದ ಭಟ್ಟರ ಮನೆಯಾದರೆ, “ನಿಂಗ್ಳ ಕೂಸಿಗೆ ಚಲೋ ಮಾರ್ಕ್ಸ್ ಬೈಂದಲಿ, ಎಂಗಕ್ಕೆಲ್ಲ ರಾಶಿ ಖುಷಿ ಆತು.” ಭಟ್ಕಳವಾದರೆ ಸಲಾಮಿನಿಂದ ಶುರು, ನಡುನಡುವೆ ಉರ್ದು ಉದುರಿಸುವುದು. ಕೊಂಕಣಿ ಮನೆಯಾದರೆ ಮೊದಲ ವಾಕ್ಯದಲ್ಲೇ ಮೂಗಿನಿಂದ ಒಂದು ಅನುಸ್ವಾರ. ಎದುರಿನವರು “ಓ, ನಮ್ಮವನೇ” ಎಂದು ಮೆತ್ತಗಾಗುತ್ತಾರೆ. ಮೆತ್ತಗಾದಾಗ ಕೊನೆಯ ಪ್ರಶ್ನೆ: “ಹಂಗಾರೆ ಸೇರ್ಸೂದಲ್ಲ?”, ಸೇರಿಸುತ್ತೀರಿ ತಾನೇ ಎಂದು. ಅವರು ಏನು ಹೇಳುತ್ತಾರೋ ಅದು ರೆಕಾರ್ಡ್ ಆಗುತ್ತದೆ. ಬೇಡ ಎಂದರೆ ಕೆಂಪು ಗುಂಡಿ, ಯೋಚಿಸುತ್ತೇವೆ ಎಂದರೆ ಹಳದಿ, ಒಪ್ಪಿದರೆ ಹಸಿರು.

ಈಗ ನೋಡಿ, ನಮ್ಮ ಮೂರು ತಾಲೂಕಿನಲ್ಲಿ ‘ಬೇಡ’ ಎನ್ನುವ ಶಬ್ದವನ್ನು ಫೋನಿನಲ್ಲಿ ಯಾರೂ ಬಳಸುವುದಿಲ್ಲ. ಅದು ಮಕ್ಕಳಿಗೆ ಬೈಯಲು, ಎಲೆಗೆ ಮತ್ತೆ ಅನ್ನ ಹಾಕಲು ಬಂದವನಿಗೆ ಕೈ ಅಡ್ಡ ಹಿಡಿಯಲು. ಗುರುತಿಲ್ಲದವನಾದರೂ ಇಷ್ಟು ಚಂದ ಮಾತಾಡುವಾಗ ಬೇಡ ಎನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಭಟ್ಕಳದ ಯಜಮಾನರು, “ಅಚ್ಛಾ, ಇನ್ಶಾ ಅಲ್ಲಾ” ಎನ್ನುತ್ತಾರೆ. ಕೊಂಕಣಿ ಮನೆಯವರು, “ಪಳೋವ್ಯಾ, ನೋಡ್ವ” ಎನ್ನುತ್ತಾರೆ. ಕುಮಟೆಯ ಕಡೆ ಎಲ್ಲರ ಬಾಯಲ್ಲೂ ಒಂದೇ: “ಆತು.” ಒಂದು ಸಲ ಎಂದರೆ ‘ಸರಿ’. ಎರಡು ಸಲ, “ಆತು ಆತು” ಎಂದರೆ ‘ಕೇಳಿದ್ದಾಯಿತು, ಇನ್ನು ಫೋನ್ ಇಡು, ಒಲೆಯ ಮೇಲೆ ಅನ್ನ ಇದೆ’. ಇದು ಇಲ್ಲಿ ಹುಟ್ಟಿದ ಕರುವಿಗೂ ಗೊತ್ತು.

ಮೊದಲ ವಾರ ನಾನು ಇಂಥದ್ದಕ್ಕೆಲ್ಲ ಹಳದಿ ಒತ್ತಿದೆ. ಮುಖ್ಯ ಕಚೇರಿಯಲ್ಲಿ ನಮ್ಮ ಕರೆಗಳನ್ನು ಕೇಳಿ ತೂಗುವ ಮೇಡಂ ಒಬ್ಬರಿದ್ದರು. ಅವರು ಎಲ್ಲವನ್ನೂ ಹಸಿರು ಮಾಡಿ ಫೋನ್ ಮಾಡಿದರು.

“ಆತು ಅಂದ್ರೆ ಆಯ್ತು ತಾನೇ? ಯಾಕೆ ಹಳದಿ?”

“ಮೇಡಂ, ಎರಡು ಸಲ ಅಂದಿದ್ದಾರೆ…”

“ಹಾಗಾದ್ರೆ ಎರಡು ಪಟ್ಟು ಒಪ್ಪಿಗೆ.”

“ಭಟ್ಕಳದವರು ಇನ್ಶಾ ಅಲ್ಲಾ ಅಂದ್ರಲ್ಲ?”

“ಪಾಸಿಟಿವ್ ಆಗಿದೆ.”

ದೇವರಿಗೆ ಬಿಟ್ಟದ್ದನ್ನು ನಾವು ಟ್ಯಾಬಿಗೆ ಹಾಕಿಕೊಂಡೆವು. ನಾನೂ ಮರುದಿನದಿಂದ ಹಸಿರನ್ನೇ ಒತ್ತಿದೆ. ಹಸಿರು ಎಂದರೆ ಮನೆಗೆ ಹೋಗಿ ಪೇಟ ಇಡುವುದು, ಅಷ್ಟೇ ಎಂದು ನನ್ನ ತಿಳಿವಳಿಕೆ. ಸಂಬಳ ಬರುತ್ತಿತ್ತು, ಅಪ್ಪ ಪೆಟ್ರೋಲಿನ ಮಾತೆತ್ತುತ್ತಿರಲಿಲ್ಲ. ಗಿಳಿಗೆ ಇನ್ನೇನು ಬೇಕು? ಗಿಳಿ ಎಂದು ನನ್ನನ್ನು ಕರೆಯುತ್ತಿದ್ದವರು ನಮ್ಮ ಫೋಟೊಗ್ರಾಫರ್ ಮಾಮ. ಮದುವೆ ಫೋಟೊ ತೆಗೆದು ತೆಗೆದು ಯಾರ ನಗುವನ್ನೂ ನಂಬದ ಮನುಷ್ಯ.

ಮಿರ್ಜಾನದ ಕಡೆಯ ಆ ಮನೆಗೆ ನಾವಿಬ್ಬರೂ ಹೋದದ್ದು ಒಂದು ಮಧ್ಯಾಹ್ನ. ಗದ್ದೆಯಂಚಿನ ಮನೆ, ಅಂಗಳಕ್ಕೆ ಇಳಿಬಿಟ್ಟ ಹೀರೆ ಬಳ್ಳಿ, ಒಳಗೆ ಅಟ್ಟದ ಬಿದಿರಿಗೆ ಬೇಸಿಗೆಯ ಸಿಹಿ ಈರುಳ್ಳಿಯ ಗೊಂಚಲುಗಳು. ತಾಯಿ ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಈರುಳ್ಳಿ ಮಾರುವವರು, ಮಳೆಗಾಲದಲ್ಲಿ ತರಕಾರಿ. ಫೋನಿನಲ್ಲಿ ಇವರ “ಆತು ಆತು” ಕೇಳಿ ನಾನೇ ನಕ್ಕಿದ್ದೆ. ಎರಡನೆಯ ಆತುವಿನ ಹಿಂದೆ ಕುಕ್ಕರ್ ಸೀಟಿ ಹಾಕಿತ್ತು.

“ಎಂತಾ ತಮಾ, ಫೋನಲ್ಲಿ ಮಾತಾಡ್ದವ ನೀನೆಯಾ? ನಾ ಯಾರೋ ನಮ್ಮ ಮೂಲೆಕೇರಿಯವ ಅಂದ್ಕಂಡೆ.”

“ನಾನೇ ಅಕ್ಕಾ.”

“ಇದೆಂತಕ್ಕೆ ತಂದದ್ದು, ಗದ್ದೆಗೆ ಹೋಗೂಕೆ ತಲೆಗೆ ಇಡೂ ಮುಟ್ಟಾಳೆಯಾ?”

“ಪೇಟ ಅಕ್ಕಾ. ಮಗಳಿಗೆ ಗೌರವ.”

“ಪ್ರಥಮ ಪಂಕ್ತಿ ಅಂದದ್ದು ಇದೆಯಾ? ಇಷ್ಟು ವರ್ಷ ಕಡೇ ಪಂಕ್ತೀಲಿ ಉಂಡವ್ರಿಗೆ ಈಗ ಎಲೆ ಇಲ್ದೆಯೇ ಮೊದಲ್ನೇ ಪಂಕ್ತಿ!” ಎಂದು ಅವರು ಸೆರಗು ಬಾಯಿಗೆ ಹಿಡಿದು ನಕ್ಕರು.

ಮಗಳು ಹೊರಗೆ ಬಂದಳು. ಪೇಟ ಮೂಗಿನ ಹತ್ತಿರ ಬಂದ ಕೂಡಲೇ ಉಸಿರು ಬಿಗಿಹಿಡಿದದ್ದು ನನಗೆ ಕಂಡಿತು. ಮುಂದೆ ಏನು ಓದುವ ಮನಸ್ಸು ಎಂದು ನಮ್ಮ ಪ್ರಶ್ನೆಗಳಲ್ಲಿ ಒಂದಿತ್ತು, ಕೇಳಿದೆ. ಸರ್ಕಾರಿ ಪಶುವೈದ್ಯಕೀಯ ಕಾಲೇಜು ಎಂದಳು. “ಯಾಕೆ ದನದ ಡಾಕ್ಟರು, ಮನುಷ್ಯರ ಡಾಕ್ಟರಾಗು” ಎಂದೆ, ದೊಡ್ಡವನ ಹಾಗೆ.

“ನಂಗೆ ಮಾತಾಡದ ಪೇಶೆಂಟೇ ಬೇಕು” ಎಂದು ನನ್ನನ್ನೇ ನೋಡಿದಳು.

ಮಾಮ ಕ್ಯಾಮೆರಾದ ಹಿಂದೆ ಕಿಸಕ್ಕೆಂದರು. ಆಮೇಲೆ ನಿಯಮದ ಪ್ರಕಾರ ನಾನು ಅಂಕಪಟ್ಟಿ, ಟಿ.ಸಿ. ಮೂಲಪ್ರತಿ ಕೇಳಿದೆ. ಆಫೀಸಿನಲ್ಲಿ ಸ್ಕ್ಯಾನ್ ಮಾಡಿ ಸಮಾರಂಭದ ದಿನ ಕೊಡುತ್ತೇವೆ ಎಂದೆ. ನನಗೆ ಹಾಗೇ ಹೇಳಿದ್ದರು, ನಾನು ಗಿಳಿ, ಹಾಗೇ ಹೇಳಿದೆ. ತಾಯಿ ಕೊಟ್ಟರು. ಚಹಾ ಕೊಟ್ಟವರು ಕಾಗದ ಕೊಡುವುದಿಲ್ಲವೇ?

ಸಮಾರಂಭಕ್ಕೆ ಕೆಲವೇ ದಿನ ಇರುವಾಗ ಹುಡುಗಿಯ ಫೋನು ಬಂತು.

“ಅಣ್ಣಾ, ನಮ್ಮ ಅಂಕಪಟ್ಟಿ ಬೇಕಿತ್ತು. ಸರ್ಕಾರಿ ಸೀಟಿಗೆ ಮೂಲ ದಾಖಲೆ ತೋರ್ಸೂಕೆ ಕರ್ದಿದ್ದಾರೆ. ಸಮಾರಂಭದ ಮರುದಿವ್ಸ ಬೆಳಿಗ್ಗೆ. ತೋರ್ಸದಿದ್ರೆ ಸೀಟು ಮುಂದಿನವ್ರಿಗೆ ಹೋಗ್ತದೆ.”

“ಅದಕ್ಕೇನು, ನಾಳೆಯೇ ತಂದ್ಕೊಡ್ತೆ” ಎಂದೆ. ಅಂಥ ಧೈರ್ಯವನ್ನು ಯಾವ ಪಾತ್ರದಿಂದ ಎರವಲು ತಂದೆನೋ.

ನಿರ್ದೇಶಕರು ತಲೆ ಎತ್ತಲಿಲ್ಲ. “ಆ ಮಗು ಆಲ್‌ರೆಡಿ ನಮ್ಮ ಯೂನಿವರ್ಸಿಟಿ ಸೇರಿದೆ, ರೈಟ್? ಒರಿಜಿನಲ್ ವಾಪಸ್ ಬೇಕಾದ್ರೆ ಬಿಡುಗಡೆ ಸಮಿತಿಗೆ ಅರ್ಜಿ ಹಾಕ್ಲಿ. ತಿಂಗಳ ಕೊನೆಗೆ ಸಮಿತಿ ಕೂರುತ್ತೆ.”

“ಸರ್, ಅವರು ಸೇರ್ತೇವೆ ಅಂತ ಹೇಳಲೇ ಇಲ್ಲ.”

ಅವರು ಟ್ಯಾಬ್ ತಿರುಗಿಸಿ ರೆಕಾರ್ಡ್ ಹಾಕಿದರು. ಮೊದಲು ನನ್ನ ಧ್ವನಿ. ಅಯ್ಯೋ, ಅದನ್ನು ಕೇಳಬೇಕಿತ್ತು! ಆ ಕೇರಿಯ ಮಾತಿಗೆ ಬೆಲ್ಲ ಸವರಿ, ಗುರುತಿಲ್ಲದ ಹೆಂಗಸಿಗೆ ಸ್ವಂತ ತಮ್ಮನಂತೆ “ಅಕ್ಕಾ, ಆರಾಮ?” ಎನ್ನುವ ಆ ನಾಲಿಗೆ. ಪೇಟದ ವಾಸನೆ ಕಿವಿಯಿಂದಲೂ ಬರಬಹುದೆಂದು ನನಗೆ ಆಗ ತಿಳಿಯಿತು. “ಹಂಗಾರೆ ಸೇರ್ಸೂದಲ್ಲ ಅಕ್ಕಾ?” ನಂತರ ಅವರ ಧ್ವನಿ: “ಆತು, ಆತು.” ಕುಕ್ಕರ್ ಸೀಟಿ.

“ಸರ್, ಅದು ಫೋನ್ ಇಡು ಅಂದದ್ದು.”

“ನೋಡಿ ಇವ್ರೇ, ನಾನೂ ಕನ್ನಡದವನೇ.” ಮೊಬೈಲಿನಲ್ಲಿ ಯಾವುದೋ ನಿಘಂಟು ತೆಗೆದು ನನ್ನ ಮೂಗಿನ ಕೆಳಗೆ ಹಿಡಿದರು. “ಆತು, ಆಯಿತು ಎಂಬುದರ ಗ್ರಾಮ್ಯರೂಪ. ಇಡು ಅಂತ ಎಲ್ಲಾದ್ರೂ ಇದ್ಯಾ? ರೈಟ್?”

ನಿಘಂಟಿನಲ್ಲಿ ಕುಕ್ಕರಿನ ಸೀಟಿ ಇರುವುದಿಲ್ಲವಲ್ಲ. ನಾನು ಕೆಳಗಿಳಿದೆ. ಬೇಕರಿಯ ಮುಂದೆ ಮಾಮ ಬನ್ನನ್ನು ಚಹಾಕ್ಕೆ ಅದ್ದುತ್ತ ನಿಂತಿದ್ದರು. ಎಲ್ಲ ಹೇಳಿದೆ.

“ನಿಂಗೆ ಗೊತ್ತಿರ್ಲಿಲ್ವಾ ಗಿಳಿಯೇ? ಮೂಲಪ್ರತಿ ಕೈಗೆ ಬಂದ್ರೆ ಮಕ್ಕಳು ಕೈಗೆ ಬಂದ ಹಾಗೆ. ಬೇರೆ ಕಡೆ ಹೋಗೂಕೆ ಆಗೂದಿಲ್ಲ. ಪೇಟ ಇಡೂದು ಅದ್ಕೇ. ಕೋಳಿ ಹಿಡಿಯೂಕೆ ಬುಟ್ಟಿ ಕವುಚೂದಿಲ್ವಾ, ಹಾಂಗೆ.”

ಅಷ್ಟೂ ಮನೆಗಳ ಮಕ್ಕಳ ತಲೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು, ಬುಟ್ಟಿಯ ಕೆಳಗೆ.

“ಈಗೆಂತ ಮಾಡೂದು ಮಾಮ?”

“ನೀ ಇದ್ದೀಯಲ್ಲ, ದೊಡ್ಡ ಕಲಾವಿದ. ಸಾಹೇಬ್ರ ದನಿಯಲ್ಲಿ ಘಟ್ಟದ ಮೇಲಿನ ಆಫೀಸಿಗೆ ಫೋನ್ ಮಾಡು. ಆ ಹುಡುಗಿ ಕಾಗದ ಕಳ್ಸಿ ಅನ್ನು.”

ನಿರ್ದೇಶಕರ ಧ್ವನಿ ನನಗೆ ಎಡಗೈ ಕೆಲಸ. ಮೂಗು ಸ್ವಲ್ಪ ಕಟ್ಟಬೇಕು, ಪ್ರತಿ ಪದಕ್ಕೂ ಇಸ್ತ್ರಿ ಹಾಕಬೇಕು, ಕೊನೆಗೆ ರೈಟ್. ದಾಖಲೆ ವಿಭಾಗಕ್ಕೆ ಫೋನ್ ಹಚ್ಚಿದೆ. ಅಲ್ಲಿಯ ಗುಮಾಸ್ತರು ಎತ್ತಿದರು. “ನೋಡಿ ಇವ್ರೇ, ಕುಮಟಾ ತಾಲೂಕಿನ ಒಂದು ಫೈಲ್ ಇದೆ, ರೈಟ್? ದಯವಿಟ್ಟು ಅದನ್ನ ಇವತ್ತೇ ಕಳಿಸಿಕೊಡಿ.”



“ಯಾರ್ರೀ ನೀವು?”

“ನಾನು ಡೈರೆಕ್ಟರ್…”

“ಧ್ವನಿ ಬರೋಬ್ಬರಿ ಇದೆ. ಆದ್ರೆ ನಮ್ಮ ಸಾಹೇಬ್ರು ನಂಗೆ ದಯವಿಟ್ಟು ಅಂದದ್ದು ಈ ಜನ್ಮದಾಗ ಕೇಳಿಲ್ಲ.” ಅವರು ನಕ್ಕುಬಿಟ್ಟರು. ಅದಕ್ಕೆ ಬದುಕಿದೆ. “ಯಾರ ಮಗನಪ್ಪಾ ನೀನು? ಇರ್ಲಿ. ಆ ಫೈಲ್‌ಗಳು ಇಲ್ಲಿಗೆ ಬಂದೇ ಇಲ್ಲ. ನಿಮ್ಮ ಕಡೆ ಫಂಕ್ಷನ್ ಮುಗಿಸಿ ಅವರೇ ಕಾರಿನಾಗ ತರ್ತಾರ. ಇಲ್ಲಿಗೆ ಬಂದ್ರ ಮತ್ತ ಸಮಿತಿನೇ ಗತಿ, ತಿಳೀತಾ?”

ಅಂದರೆ ಅಂಕಪಟ್ಟಿ ಸಮಾರಂಭದ ದಿನವೂ ನಮ್ಮ ಕಣ್ಣ ಮುಂದೆಯೇ ಇರುತ್ತದೆ, ನಿರ್ದೇಶಕರ ಕಾರಿನ ಡಿಕ್ಕಿಯಲ್ಲಿ. ಆ ಸಂಜೆ ಕಾರು ಘಟ್ಟ ಹತ್ತಿತೆಂದರೆ ಹುಡುಗಿಯ ಸೀಟು ಮುಗಿಯಿತು.

“ಡಿಕ್ಕಿ ತೆಗೆಯೂಕೆ ಬರ್ತದಾ ನಿಂಗೆ?” ಮಾಮ ಕೇಳಿದರು.

“ಕಳ್ಳನ ದನಿ ಬರ್ತದೆ ಮಾಮ, ಕೈ ಬರೂದಿಲ್ಲ.”

ಎರಡು ದಿನ ಹೀಗೇ ಹೋಯಿತು. ನಿರ್ದೇಶಕರ ಹತ್ತಿರ ಮತ್ತೊಮ್ಮೆ ಹೋದೆ, ಈ ಸಲ ಕಾಲು ಹಿಡಿಯುವ ಧ್ವನಿಯಲ್ಲಿ. ಅವರು ನನ್ನ ಮಾತನ್ನು ಅರ್ಧಕ್ಕೇ ತುಂಡರಿಸಿ, “ಆ ಕೇಸ್ ಬಿಡಿ. ಫಂಕ್ಷನ್‌ನಲ್ಲಿ ನಿರೂಪಣೆ ನಿಮ್ದೇ. ಮಧ್ಯದಲ್ಲಿ ಒಂದು ಮಿಮಿಕ್ರಿ ಹಾಕಿ. ಪೇರೆಂಟ್ಸ್ ಫೋನ್‌ನಲ್ಲಿ ಹೇಗೆ ಮಾತಾಡಿದ್ರು ಅಂತ. ಚೀಫ್ ಗೆಸ್ಟ್‌ಗೆ ನಗು ಬರ್ಬೇಕು, ರೈಟ್?” ಎಂದರು.

ಜನರ ಮನೆಯ ಮಾತನ್ನು ಕದ್ದು ಅವರನ್ನು ಹಿಡಿದದ್ದು ಸಾಲದು, ಈಗ ಅದನ್ನೇ ಅವರ ಎದುರು ಆಡಿ ನಗಿಸಬೇಕಂತೆ. “ಆತು ಸರ್” ಎಂದೆ. ಮೆಟ್ಟಿಲು ಅರ್ಧ ಇಳಿದವನಿಗೆ ಹೊಳೆಯಿತು: ಮೈಕು ನನ್ನ ಕೈಗೇ ಕೊಟ್ಟಿದ್ದಾರಲ್ಲ! ಕೂಡಲೇ ಮಿರ್ಜಾನದ ಮನೆಗೆ ಫೋನ್ ಮಾಡಿದೆ.

“ಅಕ್ಕಾ, ಸಮಾರಂಭಕ್ಕೆ ನೀವು ಬರ್ಲೇಬೇಕು. ಮಗಳನ್ನೂ ಕರ್ಕಂಡು ಬನ್ನಿ.”

“ಆತು, ಆತು.”

“ಯಾವ ಆತು ಅಕ್ಕಾ? ಬರೂ ಆತುವೋ, ಫೋನ್ ಇಡು ಆತುವೋ?”

ಆ ಕಡೆಯಿಂದ ದೊಡ್ಡ ನಗು. “ಮಳ್ಳು ಹಿಡದಿದ್ಯಾ ನಿಂಗೆ? ಬತ್ತೆ ಮಾರಾಯ.”

ಕುಮಟೆಯ ಒಂದು ಸಭಾಭವನದಲ್ಲಿ ಸಮಾರಂಭ. ವೇದಿಕೆಯ ಹಿಂದೆ ಆಳೆತ್ತರದ ಬ್ಯಾನರು, ‘ಪ್ರಥಮ ಪಂಕ್ತಿ’. ಸಭೆಯ ಪ್ರಥಮ ಪಂಕ್ತಿಯಲ್ಲಿ ಬಿಳಿ ಟವೆಲು ಹೊದೆಸಿದ ಸೋಫಾಗಳು, ಗಣ್ಯರಿಗೆ. ಎರಡನೆಯದು ಗಣ್ಯರ ಜೊತೆ ಬಂದವರಿಗೆ. ಪ್ರತಿಭಾವಂತ ಮಕ್ಕಳು ಫ್ಯಾನಿಲ್ಲದ ಹಿಂದಿನ ಸಾಲುಗಳಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ. ಪೇಟ ಇವತ್ತೂ ಒಂದೇ. ಕಿಟಕಿಯ ಹತ್ತಿರ ಒಣಹಾಕಿದ್ದರು.

ಮುಖ್ಯ ಅತಿಥಿಗಳು ಭಾಷಣ ಮುಗಿಸಿ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. ನನ್ನ ಸರದಿ. ಮೊದಲು ನನ್ನನ್ನೇ ಆಡಿದೆ: ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹೆಸರು ನೋಡಿ ನಾಲಿಗೆ ಬದಲಿಸುವ ಗಿಳಿ. ಜನ ನಕ್ಕರು. ನಂತರ ಭಟ್ಕಳದ ಬಟ್ಟೆ ಅಂಗಡಿಯ ಯಜಮಾನರು. ಗಂಟಲು ಸರಿಮಾಡಿ, ಗಡ್ಡ ನೀವಿ, “ಅಚ್ಛಾ… ಇನ್ಶಾ ಅಲ್ಲಾ.” ನಿಜವಾದ ಯಜಮಾನರೂ ಸಭೆಯಲ್ಲಿದ್ದರು; ತೊಡೆ ತಟ್ಟಿಕೊಂಡು ನಕ್ಕರು. ನಾನು ಸಭೆಯನ್ನು ಕೇಳಿದೆ, “ಇದು ಹೌದೋ, ಅಲ್ಲವೋ?”

“ಎರಡೂ ಅಲ್ಲ!” ಭಟ್ಕಳದ ಸಾಲಿನಿಂದ ಕೂಗು.

ಹೊನ್ನಾವರದ ಕೊಂಕಣಿ ಅಮ್ಮ: “ಪಳೋವ್ಯಾ, ನೋಡ್ವ.” “ಇದು?”

“ಅಲ್ಲ!” ಈ ಸಲ ಹೆಂಗಸರ ಧ್ವನಿ ಜೋರಾಗಿತ್ತು.

“ಕುಮಟೆಯವರೇ, ಇನ್ನು ನಿಮ್ಮದು.” ಬಲಗೈಯಲ್ಲಿ ಫೋನು, ಎಡಗೈಯಲ್ಲಿ ಸೌಟು. “ಆತು, ಆತು.” ಕುಕ್ಕರಿನ ಸೀಟಿಯನ್ನೂ ನಾನೇ ಹೊಡೆದೆ. “ಇದು?”

“ಫೋನ್ ಇಡು ಅಂತ!” ಇಡೀ ಸಭೆ ಹೊಯ್ಯೆಂದಿತು. ಮುಖ್ಯ ಅತಿಥಿಗಳ ಹೊಟ್ಟೆ ಕುಲುಕುತ್ತಿತ್ತು. ನಿರ್ದೇಶಕರೂ ಚಪ್ಪಾಳೆ ತಟ್ಟುತ್ತಿದ್ದರು, ಪಾಪ.

ಆಗ ನಾನು ಯಾರ ಧ್ವನಿಯನ್ನೂ ಹಾಕದೆ ಹೇಳಿದೆ. “ನಮ್ಮ ಆಫೀಸಿನಲ್ಲಿ ಈ ಮೂರೂ ಹಸಿರು. ಹಸಿರು ಎಂದರೆ ನಿಮ್ಮ ಮಕ್ಕಳು ಈಗಾಗಲೇ ವಿಶ್ವವಿದ್ಯಾಲಯ ಸೇರಿ ಆಗಿದೆ. ಸ್ಕ್ಯಾನ್ ಮಾಡಿ ಕೊಡುತ್ತೇವೆಂದು ನಾನು ತಂದ ಮೂಲಪ್ರತಿಗಳು ಹೊರಗೆ ಕಾರಿನಲ್ಲಿವೆ. ಇವತ್ತು ಸಂಜೆ ಘಟ್ಟ ಹತ್ತುತ್ತವೆ. ಬೇಕಾದವರು ಈಗಲೇ ಕೇಳಿ.”

ನಗು ಒಮ್ಮೆಲೇ ನಿಲ್ಲಲಿಲ್ಲ. ಹಿಂದಿನ ಸಾಲಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಿರ್ದೇಶಕರು ಮೈಕಿಗೆ ಕೈ ಚಾಚಿದರು. ಅಷ್ಟರಲ್ಲಿ ಮಧ್ಯದಿಂದ ಒಂದು ಧ್ವನಿ.

“ತಮಾ, ನಿಲ್ಲು. ನನ್ನ ಆತು ಹಂಗಲ್ಲ.”

ಮಿರ್ಜಾನದ ತಾಯಿ ಎದ್ದು ನಿಂತಿದ್ದರು. ಮಗಳು ನಾಚಿಕೆಯಿಂದ ಅವರ ಸೆರಗು ಜಗ್ಗುತ್ತಿದ್ದಳು.

“ನೀ ರಾಗ ಎಳ್ದದ್ದು ಹೆಚ್ಚಾತು. ನಾ ಹೇಳೂದು ಹೀಂಗೆ. ಆತು-ಆತು.” ಕತ್ತರಿಸಿದ ಹಾಗೆ. ಸಭೆ ಮತ್ತೆ ನಕ್ಕಿತು, ಅವರು ನಗಲಿಲ್ಲ. “ಇದ್ರಲ್ಲಿ ಹೌದು ಎಲ್ಲಿ ಕಂಡ್ತು ನಿಮ್ಗೆ? ನಾಳೆ ಬೆಳಿಗ್ಗೆ ನನ್ನ ಮಗಳು ಕಾಗದ ತೋರ್ಸದಿದ್ರೆ ಅವಳ ಸೀಟು ಹೋಗ್ತದೆ. ಕಾಗದ ಕೊಡಿ. ಪೇಟ ನೀವೇ ಇಟ್ಕಣಿ, ಒಂದ್ಸಲ ಸೋಪು ಹಾಕಿ ತೊಳೀರಿ.”

ಅವರ ಹಿಂದೆ ಇನ್ನೊಬ್ಬರು ಎದ್ದರು, ಮತ್ತೊಬ್ಬರು. ಕುರ್ಚಿಗಳು ಕಿರುಗುಟ್ಟಿದವು. ಭಟ್ಕಳದ ಯಜಮಾನರೂ ಎದ್ದು, “ಭಾಯಿ, ನನ್ನ ಮಗನಿಗೆ ಸೇರೋ ಮನಸ್ಸಿದೆ, ಸೇರ್ತಾನೆ. ಆದ್ರೆ ಅವತ್ತು ನಾನು ಅವನನ್ನ ಕೇಳೇ ಇರ್ಲಿಲ್ಲ. ಕೇಳದೆ ಹೌದು ಅಂತ ಹೇಗೆ ಬರ್ಕೊಂಡ್ರಿ?” ಎಂದರು. ಮುಖ್ಯ ಅತಿಥಿಗಳು ನಿರ್ದೇಶಕರತ್ತ ತಿರುಗಿದರು. ಈಗ ಹೊಟ್ಟೆ ಕುಲುಕುತ್ತಿರಲಿಲ್ಲ.

ನಿರ್ದೇಶಕರು ಬೆವರಿ, ಬಿಕ್ಕಳಿಸಿ ಕ್ಷಮೆ ಕೇಳುತ್ತಾರೆಂದು ನಾನು ಕಾದಿದ್ದೆ. ಅಂಥದ್ದೇನೂ ಆಗಲಿಲ್ಲ. ಅವರು ನನ್ನ ಕೈಯಿಂದ ಮೈಕು ತೆಗೆದುಕೊಂಡು, ಜೇನು ಸುರಿಯುವ ಧ್ವನಿಯಲ್ಲಿ, “ಪಾರದರ್ಶಕತೆಯೇ ನಮ್ಮ ಉಸಿರು, ರೈಟ್? ಆದ್ದರಿಂದ ಈಗ ಮೂಲ ದಾಖಲೆಗಳ ಗೌರವಪೂರ್ವಕ ವಿತರಣೆ” ಎಂದು ಘೋಷಿಸಿದರು. ಡಿಕ್ಕಿಯಿಂದ ಪೆಟ್ಟಿಗೆ ಬಂತು. ಕೇಳಿದವರನ್ನು ಒಬ್ಬೊಬ್ಬರನ್ನಾಗಿ ವೇದಿಕೆಗೆ ಕರೆದು, ಅವರದೇ ಅಂಕಪಟ್ಟಿಯನ್ನು ಅವರಿಗೆ ಪ್ರಶಸ್ತಿಯ ಹಾಗೆ ಕೊಟ್ಟರು. ಪ್ರತಿಯೊಬ್ಬರಿಗೂ ಫೋಟೊ. ಪ್ರತಿಯೊಬ್ಬರ ತಲೆಗೂ ಅದೇ ಪೇಟ. ಜನ ಚಪ್ಪಾಳೆಯನ್ನೂ ತಟ್ಟಿದರು! ಕದ್ದದ್ದನ್ನು ತಿರುಗಿ ಕೊಟ್ಟಾಗ ಚಪ್ಪಾಳೆ ಗಿಟ್ಟಿಸುವ ಆ ಕಲೆಯ ಮುಂದೆ ನನ್ನ ಮಿಮಿಕ್ರಿ ಎಂಥದ್ದು, ಮಣ್ಣು.

ಹುಡುಗಿಯ ಸರದಿ ಬಂತು. ನಿರ್ದೇಶಕರು ಪೇಟ ಎತ್ತಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ತಲೆ ತಪ್ಪಿಸಿ, ಕೈ ಮಾತ್ರ ಚಾಚಿದಳು. ಅಂಕಪಟ್ಟಿ, ಟಿ.ಸಿ. ಎರಡೂ ಇವೆಯೇ ಎಂದು ಅಲ್ಲೇ ತಿರುವಿ ನೋಡಿದಳು. ಪೇಟ ಗಾಳಿಯಲ್ಲಿ ನೇತಾಡಿತು. ಮಾಮ ಬೇಕೆಂದೇ ಆ ಹೊತ್ತಿಗೇ ಕ್ಲಿಕ್ಕಿಸಿದರು. ಆ ಒಂದು ಫೋಟೊ ನನ್ನ ಮೊಬೈಲಿನಲ್ಲಿದೆ: ಇಡಲು ತಲೆ ಸಿಗದ ಒಂದು ಪೇಟ.

ಎಷ್ಟೋ ಮನೆಯವರು ಕೇಳಲೇ ಇಲ್ಲ, ಅದನ್ನೂ ಹೇಳಬೇಕು. ಕೆಲವರಿಗೆ ನಿಜವಾಗಿ ಸೇರುವುದಿತ್ತು. ಕೆಲವರು ಗಣ್ಯರ ಎದುರು ಕೇಳುವುದು ಹೇಗೆ ಎಂದು ಸುಮ್ಮನೆ ಕೂತರು. ಅವರ ಕಾಗದಗಳು ಅದೇ ಪೆಟ್ಟಿಗೆಯಲ್ಲಿ ಸಂಜೆ ಘಟ್ಟ ಹತ್ತಿದವು.

ಬಸ್ ಸ್ಟ್ಯಾಂಡಿನವರೆಗೆ ತಾಯಿ ಮಗಳ ಜೊತೆ ನಡೆದೆ. ಹುಡುಗಿ ಚೀಲವನ್ನು ಎದೆಗೆ ಅಪ್ಪಿಕೊಂಡಿದ್ದಳು. ಬಸ್ಸು ಹತ್ತುವ ಮೊದಲು ತಾಯಿ ಕೇಳಿದರು, “ಅಲ್ಲ ತಮಾ, ನೀ ಯಾವ ಊರವ ಮಾರಾಯ? ಒಬ್ಬೊಬ್ರ ಹತ್ರ ಒಂದೊಂದು ನಮೂನೆ ಮಾತಾಡ್ತೆ.”

“ಹೊನ್ನಾವರದವ ಅಕ್ಕಾ.”

“ಇದೂ ನಾಟಕವೋ, ಖರೆಯೋ?”

ಮಗಳು ಕಿಟಕಿಯಿಂದ ಇಣುಕಿ, “ಅವ್ರಿಗೇ ಗೊತ್ತಿರೂದಿಲ್ಲ ಬಿಡೇ” ಎಂದಳು. ಬಸ್ಸು ಹೊರಟಿತು. ಮರುದಿನ ಮಧ್ಯಾಹ್ನ ಅವಳ ಸಂದೇಶ ಬಂತು: ಕಾಗದ ತೋರಿಸಿ ಆಯಿತು, ಸೀಟು ಉಳಿಯಿತು. ಜೊತೆಗೆ ಒಂದು ಎಮ್ಮೆಯ ಚಿತ್ರ, ಬಾಯಿ ಮುಚ್ಚಿದ್ದು.

ನಾನು ಆಫೀಸಿಗೆ ಹೋಗುವುದನ್ನು ಬಿಟ್ಟೆ. ಮನೆಯಲ್ಲಿ ಮತ್ತೆ ಪೆಟ್ರೋಲಿನ ಮಾತು ಶುರುವಾಯಿತು. ಒಂದು ದಿನ ನಿರ್ದೇಶಕರ ಫೋನು. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು ಎತ್ತಿದೆ.

“ನೋಡಿ ಇವ್ರೇ, ನಿಮ್ಮ ಆ ಐಟಂ ವೀಡಿಯೊ ಎಲ್ಲ ಕಡೆ ಓಡ್ತಾ ಇದೆ. ಮ್ಯಾನೇಜ್‌ಮೆಂಟ್‌ಗೆ ತುಂಬಾ ಹಿಡಿಸಿದೆ. ಮುಂದಿನ ವರ್ಷ ಕರೆ ಮಾಡೋರಿಗೆಲ್ಲ ನೀವೇ ಟ್ರೈನಿಂಗ್ ಕೊಡಬೇಕು. ಯಾವ ಆತು ಹೌದು, ಯಾವ ಆತು ಅಲ್ಲ, ಅಲ್ಲದ ಆತುವನ್ನ ಹೌದು ಮಾಡೋದು ಹೇಗೆ. ಸಂಬಳನೂ ಜಾಸ್ತಿ, ರೈಟ್?”

ಪೇಟದ ಆ ವಾಸನೆ ಮತ್ತೆ ಕಿವಿಗೆ ಬಂತು. ಬೈಯಬೇಕಿತ್ತು. ಭಟ್ಕಳ, ಹೊನ್ನಾವರ, ಕುಮಟೆ, ಮೂರೂ ತಾಲೂಕಿನ ಬೈಗುಳ ನನ್ನ ಬಳಿ ಇವೆ, ಧ್ವನಿ ಸಮೇತ. ಆದರೆ ನಾನೂ ಈ ಕರಾವಳಿಯವನೇ ಅಲ್ಲವೇ, ಫೋನಿನಲ್ಲಿ ‘ಬೇಡ’ ಎನ್ನಲು ಬಾಯಿ ಬರಬೇಕಲ್ಲ.

“ಆತು-ಆತು” ಎಂದೆ, ಮಿರ್ಜಾನದ ತಾಯಿ ತಿದ್ದಿಕೊಟ್ಟ ಹಾಗೆಯೇ, ಕತ್ತರಿಸಿ. ಫೋನ್ ಇಟ್ಟೆ.

ಟಿಣ್ ಎಂದಿತು. ಪರದೆಯ ಮೇಲೆ ಸಂದೇಶ: ‘ಅಭಿನಂದನೆಗಳು! ನೀವು ಪ್ರಥಮ ಪಂಕ್ತಿ ತಂಡಕ್ಕೆ ಸೇರಿದ್ದೀರಿ.’ ಪಕ್ಕದಲ್ಲಿ ಹಸಿರು ಗುರುತು.